ಹೊರಗಿನ ಚಿಲಕ

ಕೆಂಚಣ್ಣ ಗುದ್ದಲಿಯನ್ನು ಕಲ್ಲಿಗೆ ಕುಟ್ಟಿ ಕುಟ್ಟಿ ಕಾವನ್ನು ಬಿಡಿಸಿದ. ಕಬ್ಬಿಣದ ತಲೆ ಕೆಸರಿಗೆ ಬಿತ್ತು. ಜಾಲಿ ಮರದ ಕಾವು ಕೈಯಲ್ಲಿ ಉಳಿಯಿತು.

"ಮೊದ್ಲು ಏನಾಗೈತೆ ಅಂತ ಕೇಳ್ರಿ, ಆಮೇಲೆ ಕೈ ಎತ್ರಿ," ಎಂದಳು ಹೆಂಡತಿ ಬೋರಕ್ಕ. ಅವಳ ಮುಂದೆ ಬುತ್ತಿಯ ಗಂಟು ಅರ್ಧ ಕಟ್ಟಿದ ಹಾಗೇ ಇತ್ತು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಗಳಿಗೆ ಇಷ್ಟವೆಂದು ಕರ್ಜಿಕಾಯಿ. ಕ್ರಿಸ್‌ಮಸ್ ರಜೆಗೆ ಮಗಳು, ಅಳಿಯ, ತಾವಿಬ್ಬರು ಎಲ್ಲ ಸೇರಿ ಬಾಡಿಗೆ ಸುಮೋ ಮಾಡಿಕೊಂಡು ಮೈಸೂರು ನೋಡಿಕೊಂಡು ಬರುವುದೆಂದು ಮಾತಾಗಿತ್ತು. ನಾಳೆ ಬೆಳಿಗ್ಗೆ ಹೊರಡಬೇಕಿತ್ತು.

"ಕೇಳೋದೇನೈತೆ? ನನ್ನ ಕಿವೀಲೇ ಕೇಳಿದೀನಿ."

ಕೇಳಿದ್ದು ಸ್ವಲ್ಪವೇ. ಬಂಗಾಳ ಕೊಲ್ಲಿಯಲ್ಲೆದ್ದ ಚಂಡಮಾರುತ ಅವರ ಊರು ಹರಿಯಬ್ಬೆಯ ತನಕ ಬಂದು ಹೆಂಚು ಹಾರಿಸುತ್ತಿತ್ತು. ಫೋನಿನ ತುಂಬ ಗರಗರ ಸದ್ದು. ಅದರ ನಡುವೆ ಮೇಘಶ್ರೀಯ ಅಳು. "ಅಪ್ಪಾ, ಬೇಗ ಬಾ. ನಾಳೆ ಸುಮೋ ಬ್ಯಾಡ ಅನ್ನೋ ಮಾತಿಗೆ ಶುರುವಾತು. ಕೈ ತಡೀಲಿಲ್ಲ. ರಕ್ತ ನಿಲ್ತಿಲ್ಲ. ನನ್ನ ಇಲ್ಲಿಂದ ಕರ್ಕಂಡು ಹೋಗು, ಇಲ್ಲಾಂದ್ರೆ ಒಂದು ಹೆಣ ಬೀಳ್ತೈತೆ." ಅಲ್ಲಿಗೆ ಫೋನು ಸತ್ತಿತು.

ಕೆಂಚಣ್ಣ ಕಾವನ್ನು ಬೈಕಿನ ಪಕ್ಕಕ್ಕೆ ಹಗ್ಗದಿಂದ ಬಿಗಿದು, ಮಗಳಿರುವ ಹಿರಿಯೂರಿನ ದಾರಿ ಹಿಡಿದ.

ಮಳೆ ಅಡ್ಡಡ್ಡ ಬೀಸಿ ಮುಖಕ್ಕೆ ರಾಚುತ್ತಿತ್ತು. ಹಾಡಹಗಲೇ ಕತ್ತಲು ಕವಿದಿತ್ತು. ಬೇವಿನ ಕೊಂಬೆಯೊಂದು ಮುರಿದು ರಸ್ತೆಗೆ ಬಿದ್ದದ್ದು ಕಾಣದೆ ಬೈಕು ಜಾರಿತು, ಮೊಣಕಾಲಿನ ಚರ್ಮ ಕಿತ್ತುಹೋಯಿತು. ಎದ್ದು ಮತ್ತೆ ಕಿಕ್ ಹೊಡೆದ. ನೋವು ಗೊತ್ತಾಗಲಿಲ್ಲ.

ಗೊತ್ತಾಗಿದ್ದೆಲ್ಲ ಬೇರೆ. ದೀಪಾವಳಿಗೆ ಬಂದಾಗ ಮಗಳ ಬಲಗೈಯ ಗೆಣ್ಣುಗಳು ಬಾತುಕೊಂಡಿದ್ದವು. ಬಾಗಿಲಿಗೆ ಸಿಕ್ಕಿತೆಂದಿದ್ದಳು. ಅಳಿಯ ಚೇತನ್‌ಕುಮಾರ್ ಹೈಸ್ಕೂಲು ಮೇಷ್ಟ್ರು, ಮಾತು ಕಡಿಮೆ. ಎಣ್ಣೆಸ್ನಾನಕ್ಕೆ ಕೂತಾಗ ಬನಿಯನ್ ಬಿಚ್ಚಲು ಒಪ್ಪಿರಲಿಲ್ಲ. ಹಳ್ಳಿಯವರ ಮುಂದೆ ಪೇಟೆಯವನ ಬಿಂಕ ಎಂದುಕೊಂಡಿದ್ದ ಕೆಂಚಣ್ಣ. ಊಟಕ್ಕೆ ಕೂತವನು ತಟ್ಟೆಯಿಂದ ಕಣ್ಣೆತ್ತಿರಲಿಲ್ಲ. ಕಳ್ಳನ ಕಣ್ಣು ಹಾಗೇ ಇರುತ್ತದೆ ಎಂದು ಈಗ ಅನ್ನಿಸಿತು.

ತಾನೂ ಹೆಂಡತಿಗೆ ಹೊಡೆದವನೇ. ಒಮ್ಮೆ ಬೋರಕ್ಕನ ಕಿರುಬೆರಳು ಮುರಿದು ಇಂದಿಗೂ ಮಡಚುವುದಿಲ್ಲ. ಆದರೆ ಅದರ ಮಾತೇ ಬೇರೆ, ಅದು ತನ್ನ ಮನೆಯದು. ಮೇಘಶ್ರೀ ಹಾಗೆ ಹೊಡೆಸಿಕೊಳ್ಳಲು ಹುಟ್ಟಿದವಳಲ್ಲ. ಥೇಟು ತನ್ನಂತೆ, ಯಾರಿಗೂ ಬಗ್ಗದ ಹುಡುಗಿ. ಅಂಥವಳು ಫೋನಿನಲ್ಲಿ ಅಳಬೇಕಾದರೆ ಆ ಮನೆಯಲ್ಲಿ ಎಂಥ ರಾಕ್ಷಸ ಇರಬೇಕು?

ಅಳಿಯನ ಮನೆಯ ಬಾಗಿಲನ್ನು ಅವನು ತಟ್ಟಲಿಲ್ಲ, ಒದ್ದ.

ಒಳಗೆ ಕರೆಂಟಿರಲಿಲ್ಲ. ನಡುಮನೆಯಲ್ಲಿ ಸೂಟ್‌ಕೇಸು ಬಾಯಿ ತೆರೆದು ಬಿದ್ದಿತ್ತು. ಸ್ವೆಟರು, ಸೀರೆ, ಟವೆಲ್ಲುಗಳು ನೆಲದ ತುಂಬ. ಹಿತ್ತಾಳೆ ಚೊಂಬೊಂದು ನಗ್ಗಿಹೋಗಿ ಮೂಲೆಯಲ್ಲಿತ್ತು. ಚೇತನ್ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಗೋಡೆ ಹಿಡಿದು ನಿಂತಿದ್ದ. ಅಂಗಿಯ ಎದೆಯೆಲ್ಲ ರಕ್ತ. ಮಗಳ ರಕ್ತ, ಎಂದುಕೊಂಡ ಕೆಂಚಣ್ಣ.

"ಬಂದ್ರಾ ಮಾವ. ಕುಂತ್ಕಳ್ರಿ."

"ಎಲ್ಲಿ ಅವಳು?"

"ಒಳಗವಳೆ. ಅವಳಿಗೇನೂ ಆಗಿಲ್ಲ."

ಫೋನಿರುವ ಕೋಣೆಯ ಬಾಗಿಲು ಮುಚ್ಚಿತ್ತು. ಹೊರಗಿನಿಂದ ಚಿಲಕ ಬಿದ್ದಿತ್ತು. ಒಳಗಿನಿಂದ ಬಿಕ್ಕುವ ಸದ್ದು.

ಮುಂದಿನದನ್ನು ಕೆಂಚಣ್ಣ ಯೋಚಿಸಿ ಮಾಡಲಿಲ್ಲ. ಕಾವು ಮೇಲೆದ್ದು ಚೇತನ್‌ನ ಭುಜದ ಮೇಲೆ ಇಳಿಯಿತು. ಮೂಳೆ ಲಟಕ್ಕೆಂದ ಸದ್ದು ಮಳೆಯ ನಡುವೆಯೂ ಕೇಳಿತು. ಎರಡನೆಯ ಏಟು ಪಕ್ಕೆಗೆ. ಚೇತನ್ ಸೂಟ್‌ಕೇಸಿನ ಮೇಲೆ ಮುಗ್ಗರಿಸಿದ.

"ಕಟ್ಟಿಕೊಂಡವಳ ಮೇಲೆ ಕೈ ಮಾಡ್ತೀಯೇನೋ? ಕೂಡಿ ಹಾಕ್ತೀಯೇನೋ ನನ್ನ ಮಗಳನ್ನ?"

ಚೇತನ್ ಒಂದು ಸಲವೂ ಕೈ ಅಡ್ಡ ಹಿಡಿಯಲಿಲ್ಲ. ಹೊಡೆತ ತಿನ್ನುವುದು ಅಭ್ಯಾಸವಾದವನ ಹಾಗೆ ತಲೆ ತಗ್ಗಿಸಿ ಮುದುಡಿಕೊಂಡ. ಅದು ಕೆಂಚಣ್ಣನ ಸಿಟ್ಟನ್ನು ಇನ್ನೂ ಕೆರಳಿಸಿತು. ಎದುರು ಬೀಳುವ ತಾಕತ್ತಿಲ್ಲದ ಹೇಡಿ, ಹೆಣ್ಣಿನ ಮುಂದೆ ಮಾತ್ರ ಗಂಡಸು. ಕಾವು ಬೆನ್ನಿಗೆ ಬಿತ್ತು, ತೊಡೆಗೆ ಬಿತ್ತು. ಅಂಗಿ ಹರಿಯಿತು. ಬೆನ್ನ ಮೇಲೆ ಹಳೆಯ ಬರೆಗಳಂಥವು ಕಂಡವು. ಆ ಮಬ್ಬಿನಲ್ಲಿ ಯಾವುದು ಹಳೆಯದು, ಯಾವುದು ಈಗಿನದು ಎಂದು ನೋಡುವ ವ್ಯವಧಾನ ಕೆಂಚಣ್ಣನಿಗಿರಲಿಲ್ಲ.

ಚೇತನ್ ತೆವಳಿಕೊಂಡು ಹೋಗಿ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತ.

"ನನ್ನ ಏನು ಬೇಕಾದ್ರೂ ಮಾಡ್ರಿ ಮಾವ. ಚಿಲಕ ಮಾತ್ರ ಈಗಲೇ ತೆಗೀಬ್ಯಾಡ್ರಿ. ಸ್ವಲ್ಪ ಹೊತ್ತು ಹೋಗ್ಲಿ. ಕೈ ಮುಗೀತೀನಿ."

"ಯಾಕೆ? ನಿನ್ನ ಪೌರುಷ ನಾನು ನೋಡಬಾರದೇನು?"

ಕೆಂಚಣ್ಣ ಅವನನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. ತಲೆಗೆ ಸುತ್ತಿದ್ದ ಟವೆಲ್ ಜಾರಿತು. ನೆತ್ತಿಯ ಮೇಲೆ ಬಾಯಿಬಿಟ್ಟ ಗಾಯದಿಂದ ರಕ್ತ ಬಳಬಳ ಇಳಿದು ಕಣ್ಣು ಮುಚ್ಚಿತು. ಕೆಂಚಣ್ಣ ಒಂದು ಕ್ಷಣ ನಿಂತ. ತಲೆಗೆ ತಾನು ಹೊಡೆದಿರಲಿಲ್ಲ.

ಆದರೂ ಕೈ ಚಿಲಕ ಸರಿಸಿಯಾಗಿತ್ತು.

ಮೇಘಶ್ರೀ ಹೊರಗೆ ಬಂದಳು. ತಲೆಗೂದಲು ಕೆದರಿತ್ತು, ಕಣ್ಣು ಊದಿದ್ದವು. ಕೆಂಚಣ್ಣ ಅವಳ ಕೆನ್ನೆ ಹಿಡಿದು ನೋಡಿದ, ತೋಳು ತಿರುಗಿಸಿ ನೋಡಿದ. ಎಲ್ಲಿಯೂ ಒಂದು ಗೀರಿರಲಿಲ್ಲ. ಅವಳು ಅಪ್ಪನ ಕೈ ಕೊಡವಿ, ನೆಲದಲ್ಲಿ ಬಿದ್ದ ಗಂಡನನ್ನೂ ಕಾವನ್ನೂ ಕಂಡು, ಅಲ್ಲೇ ಕುಸಿದು ಕೂತಳು.

"ನನ್ನ ಕೈ ಹಿಡ್ಕಳಾಕೆ ಅಂತ ನಿನ್ನ ಕರೆದ್ನಲ್ಲಪ್ಪ," ಎಂದಳು. "ಅವರ ತಲೆ ಒಡೆದಿದ್ದು ನಾನು."