ಕಾವಿಗೆ ಕೂತ ಹೆಬ್ಬಾವು

ರಸ್ತೆ ಅಗೆಯುತ್ತಿದ್ದ ಜೆಸಿಬಿ ಬೆಳಿಗ್ಗೆ ಹತ್ತು ಗಂಟೆಗೆ ನೆಲದೊಳಗಿನ ಕೇಬಲ್ ಕಿತ್ತು ಹಾಕಿತು. ಹೇರೋಹಳ್ಳಿಯ ಮೂರು ಬೀದಿಗೆ ಕರೆಂಟಿಲ್ಲ. ನಾಳೆ ಸಂಜೆಗೆ ಬಂದರೆ ಪುಣ್ಯ ಎಂದು ಲೈನ್‌ಮ್ಯಾನ್ ಹೇಳಿ ಹೋದ. ಬೀದಿಯವರೆಲ್ಲ ನೀರಿನ ಮೋಟರ್ ಓಡುವುದಿಲ್ಲವೆಂದು ಗೊಣಗುತ್ತಿದ್ದರೆ, ಕೀರ್ತನಾ ಮಹಡಿಯ ಕೋಣೆಯಲ್ಲಿ ಇನ್‌ಕ್ಯುಬೇಟರಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಅದರೊಳಗೆ ಅವಳ ಹೆಬ್ಬಾವಿನ ಹತ್ತೊಂಬತ್ತು ಮೊಟ್ಟೆಗಳಿದ್ದವು. ಮೂವತ್ತೊಂದು ಡಿಗ್ರಿಯಲ್ಲಿ ನಿಲ್ಲಬೇಕಾದ ಶಾಖ ಆಗಲೇ ಇಪ್ಪತ್ತೆಂಟಕ್ಕೆ ಇಳಿದಿತ್ತು.

ಬಿಸಿನೀರಿನ ಬಾಟಲಿಗಳನ್ನು ಒಳಗಿಟ್ಟು ನೋಡಿದಳು. ಶಾಖ ಮೂವತ್ತಾರಕ್ಕೆ ಜಿಗಿಯಿತು. ಗಾಬರಿಯಾಗಿ ತೆಗೆದಳು, ಇಪ್ಪತ್ತೇಳಕ್ಕೆ ಬಿತ್ತು. ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಿ ಸಾಕಿದ, ಆಸ್ಟ್ರೇಲಿಯಾ ಕಡೆಯ ತಳಿಯ ಜೋಡಿ ಹಾವಿನ ಮೊಟ್ಟೆಗಳು ಅವು. ಹಿಂದಿನ ಎರಡು ಸಲವೂ ಮೊಟ್ಟೆಗಳು ಬೂಸಲು ಹಿಡಿದು ಹಾಳಾಗಿದ್ದವು. "ಈ ಸಲಾನೂ ಮರಿ ಆಗದಿದ್ರೆ ಎರಡನ್ನೂ ಕೆಂಗೇರಿ ರುದ್ರಮುನಿಗೆ ಕೊಟ್ಬಿಡ್ತೀನಿ" ಎಂದು ಅಪ್ಪ ಮೋಹನ್ ಕುಮಾರ್ ಖಡಾಖಂಡಿತವಾಗಿ ಹೇಳಿದ್ದ, ರುದ್ರಮುನಿಗೂ ಹಾಗೇ ಮಾತು ಕೊಟ್ಟಿದ್ದ. ಹಾವು ಸಾಕುವುದರಲ್ಲಿ ಹೆಸರು ಮಾಡಿದ್ದ ರುದ್ರಮುನಿಗೆ ಈ ಜೋಡಿಯ ಮೇಲೆ ಮೊದಲಿನಿಂದಲೂ ಕಣ್ಣು.

ಅಜ್ಜಿ ಅಕ್ಕಯ್ಯಮ್ಮ ಹಾವು ಬಂದ ಮೇಲೆ ಆ ಕೋಣೆಯ ಕಡೆ ತಲೆ ಹಾಕಿದವಳಲ್ಲ. ಇವತ್ತು ಟಿವಿ ಇಲ್ಲದೆ ಹೊತ್ತು ಹೋಗಲಿಲ್ಲ, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಮೊಮ್ಮಗಳ ಮುಖಕ್ಕಿಂತ ಮೊದಲು ಅವಳ ಕಣ್ಣಿಗೆ ಬಿದ್ದದ್ದು ಗಾಜಿನ ಗೂಡಿನಲ್ಲಿದ್ದ ಹತ್ತಡಿಯ ಹೆಣ್ಣು ಹಾವು.

"ಅದ್ಯಾಕೆ ಹಂಗೆ ನೀರಿನ ಟಬ್ಬು ತಬ್ಕೊಂಡು ಕೂತೈತೆ?"

"ಮೊಟ್ಟೆ ತೆಗೆದಾಗಿಂದ ಹಂಗೇ ಅಜ್ಜಿ. ನಾಲ್ಕು ದಿನ ಆಯ್ತು, ಊಟಾನೂ ಮುಟ್ಟಿಲ್ಲ."

"ಕಾವಿಗೆ ಕೂತೈತೆ ಕಣೇ! ನಮ್ಮ ಕೆಂಪು ಹ್ಯಾಟೆ ಮೊಟ್ಟೆ ಇಲ್ದಿದ್ರೆ ಕಲ್ಲಿನ ಮೇಲೂ ಕೂರ್ತಿತ್ತು. ಅದರ ಮೊಟ್ಟೆ ಅದಕ್ಕೆ ಕೊಟ್ಬಿಡು."

"ಹಾವು ಕೋಳಿ ಅಲ್ಲ ಅಜ್ಜಿ. ಅದು ಒಪ್ಪದೆ ಒದ್ದಾಡಿದ್ರೆ ಇರೋದೂ ಹೋಗುತ್ತೆ."

"ಈ ಡಬ್ಬದಲ್ಲಿ ಹೆಂಗೂ ಹೋಗ್ತೈತಲ್ಲ!"

ಕೀರ್ತನಾ ಗೂಡಿನ ಹತ್ತಿರ ಹೋಗಿ ಹಾವನ್ನೇ ನೋಡಿದಳು. ವಿಜಯನಗರದ ಕಾಲೇಜಿನಲ್ಲಿ ಅವಳು ಪ್ರಾಣಿಶಾಸ್ತ್ರದ ಲೆಕ್ಚರರ್. ಈ ಜಾತಿಯ ತಾಯಿ ಹಾವು ಮೊಟ್ಟೆಗಳನ್ನು ಸುತ್ತಿಕೊಂಡು, ಮೈ ನಡುಗಿಸಿಯೇ ಅವಕ್ಕೆ ಶಾಖ ಕೊಡುತ್ತದೆ ಎಂದು ಪ್ರತಿವರ್ಷ ಹುಡುಗರಿಗೆ ನೋಟ್ಸ್ ಬರೆಸುತ್ತಿದ್ದಳು. ತನ್ನ ಮನೆಯ ಹಾವಿಗೂ ಆ ಕೆಲಸ ಬರುತ್ತದೆ ಎಂದು ಮಾತ್ರ ಒಂದು ದಿನವೂ ನಂಬಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಂಡು ದೊಡ್ಡ ಗೊಂಚಲಾಗಿದ್ದವು. ಅದನ್ನು ಎರಡೂ ಕೈಯಲ್ಲಿ ಎತ್ತಿದಳು. ನಾಲ್ಕು ದಿನದ ಹಿಂದೆ ಇವನ್ನು ತೆಗೆಯುವಾಗ ಹಾವು ಕಚ್ಚಿದ ಗುರುತು ಮೊಣಕೈ ಹತ್ತಿರ ಇನ್ನೂ ಹಸಿಯಾಗಿತ್ತು. ಪಕ್ಕದಿಂದ ಅಕ್ಕಯ್ಯಮ್ಮ ಕೈ ಚಾಚಿದಳು.

"ಒಂದ್ಸಲ ತಿರುವಿ ಮಡಗೇ, ಎಲ್ಲಾ ಕಡೆ ಕಾವು ಹತ್ತಲಿ."

"ಅಯ್ಯೋ ಮುಟ್ಬೇಡ! ಹಾವಿನ ಮೊಟ್ಟೆ ತಿರುಗಿಸಿದ್ರೆ ಒಳಗಿರೋ ಮರಿ ಸತ್ತೋಗುತ್ತೆ."

"ಪರವಾಗಿಲ್ಲ, ನಿಂಗೂ ಸ್ವಲ್ಪ ಗೊತ್ತೈತೆ" ಎಂದಳು ಅಜ್ಜಿ.

ಗೂಡಿನ ಬಾಗಿಲು ತೆರೆದದ್ದೇ ತಡ, ಹಾವು ಬುಸುಗುಟ್ಟಿ ತಲೆ ಎತ್ತಿತು. ಕೀರ್ತನಾ ಗೊಂಚಲನ್ನು ಒಳಗಿಟ್ಟು ಸರಕ್ಕನೆ ಕೈ ಎಳೆದುಕೊಂಡಳು. ಹಾವು ನಾಲಿಗೆ ಚಾಚಿ ಒಂದು ಮೊಟ್ಟೆ ಮುಟ್ಟಿತು, ಇನ್ನೊಂದು ಮುಟ್ಟಿತು. ಆಮೇಲೆ ಟಬ್ಬನ್ನು ಬಿಟ್ಟು ನಿಧಾನವಾಗಿ ಒಂದು ಸುತ್ತು ಸುತ್ತಿತು. ಎರಡು, ಮೂರು. ಕೊನೆಗೆ ಒಂದು ಮೊಟ್ಟೆಯೂ ಹೊರಗೆ ಕಾಣದಂತೆ ಎಲ್ಲದರ ಮೇಲೆ ಗದ್ದವಿಟ್ಟು ಕೂತಿತು. ಅಕ್ಕಯ್ಯಮ್ಮ ತನ್ನ ಕಂಬಳಿ ತಂದು ಗೂಡಿನ ಮೇಲೆ ಹೊದಿಸಿದಳು. ಅರ್ಧ ಗಂಟೆಯಲ್ಲಿ ಹಾವಿನ ಮೈ ಬಿಕ್ಕಳಿಕೆ ಬಂದಂತೆ ಅದುರತೊಡಗಿತು. ಸುರುಳಿಯ ಸಂದಿಗೆ ತೂರಿಸಿದ್ದ ಥರ್ಮಾಮೀಟರಿನಲ್ಲಿ ಮಧ್ಯಾಹ್ನಕ್ಕೆ ಇಪ್ಪತ್ತೊಂಬತ್ತು, ಸಂಜೆಗೆ ಮೂವತ್ತೊಂದು. ಕೀರ್ತನಾ ಕಿರುಚಿಕೊಂಡು ಅಜ್ಜಿಯನ್ನು ತಬ್ಬಿದಳು. ಅವಳಿಗೆ ಅಳು ಬಂದಿತ್ತು, ಅದನ್ನು ಮುಚ್ಚಿಡಲು ಹೋಗಲಿಲ್ಲ.

ಮರುದಿನ ಕರೆಂಟು ಬಂತು. ಇನ್‌ಕ್ಯುಬೇಟರಿನ ಸ್ವಿಚ್ಚನ್ನು ಯಾರೂ ಹಾಕಲಿಲ್ಲ. ಅಕ್ಕಯ್ಯಮ್ಮ ದಿನಕ್ಕೆರಡು ಸಲ ಮೆಟ್ಟಿಲು ಹತ್ತಿ ನೋಡಿ ಬರುವಳು. ಮಂಡಿ ನೋವಿನ ಸುದ್ದಿಯೇ ಇಲ್ಲ.

ಮೊಟ್ಟೆಯಿಟ್ಟ ಐವತ್ತೈದನೆಯ ದಿನ, ಭಾನುವಾರ, ಒಂದು ಮೊಟ್ಟೆಯ ಸಿಪ್ಪೆ ಸೀಳಿ ಹೆಬ್ಬೆರಳ ತುದಿಯಷ್ಟು ಮೂತಿ ಹೊರಗೆ ಬಂತು. ಸೋಮವಾರ ಸಂಜೆ ಹೊತ್ತಿಗೆ ಹದಿನೇಳು ಮರಿ. ಎರಡೇ ಮೊಟ್ಟೆ ಜೊಳ್ಳು. ಅಲ್ಲಿಯವರೆಗೆ ಆ ಕೋಣೆಯ ಬಾಗಿಲು ದಾಟದಿದ್ದ ಮೋಹನ್ ಕುಮಾರ್ ಆಫೀಸಿನ ಬಟ್ಟೆಯಲ್ಲೇ ನೆಲದ ಮೇಲೆ ಕೂತು ಮೂರು ಸಲ ಎಣಿಸಿದ. ಮೂರು ಸಲವೂ ತಪ್ಪಿ ತಾನೇ ನಕ್ಕ. ಆಮೇಲೆ ರುದ್ರಮುನಿಗೆ ಕೊಟ್ಟ ಮಾತು ನೆನಪಾಗಿ, ಹೇಗೆ ಹೇಳುವುದೆಂದು ಗಂಟಲು ಸರಿಮಾಡಿಕೊಳ್ಳುತ್ತಲೇ ಫೋನ್ ಮಾಡಿದ.

"ಸಾರ್, ಈ ಸಲಾನೂ ಆಗಲಿಲ್ವಾ?" ಆ ಕಡೆಯ ದನಿಯಲ್ಲಿ ಉತ್ಸಾಹವಿತ್ತು. "ಬೇಜಾರು ಮಾಡ್ಕೋಬೇಡಿ ಬಿಡಿ. ನಾಳೇನೇ ಗಾಡಿ ತಂದು ಕರ್ಕೊಂಡು ಹೋಗ್ಲಾ?"

ಮೋಹನ್ ಕುಮಾರ್ ತಡವರಿಸುತ್ತಿದ್ದಂತೆ ಅಕ್ಕಯ್ಯಮ್ಮ ಫೋನನ್ನು ಅವನ ಕೈಯಿಂದ ಕಿತ್ತುಕೊಂಡಳು.

"ನೋಡಪ್ಪಾ, ನಮ್ಮನೇಲಿ ಬಾಣಂತಿ ಅವ್ಳೆ. ಗಾಡಿ ಗೀಡಿ ಅಂತ ಇತ್ಲಾಗೆ ಬರ್ಬೇಡ."