ಅರ್ಧದ ಗೆರೆ

ಎರಡನೇ ಪಿನ್ನೂ ಬೇರಿಂಗಿನೊಳಗೆ ಲೊಡಲೊಡ ಎಂದಿತು.

"ಇದೇನು ಯಜಮಾನ್ರೇ, ಗಂಟೆ ಅಲ್ಲಾಡಿದ ಹಾಗೆ ಅಲ್ಲಾಡ್ತಿದೆ!" ಎಂದ ಬೇಕರಿಯವನು. ಹಿಟ್ಟು ನಾದುವ ಯಂತ್ರದ ಪಿನ್ನು ಮುರಿದದ್ದೇ ತಡ, ಅಂಗಿಯ ಮೇಲಿನ ಹಿಟ್ಟನ್ನೂ ಕೊಡವಿಕೊಳ್ಳದೆ ಮುದುಕರ ಮನೆಯ ಹಿಂದಿನ ಶೆಡ್ಡಿಗೆ ಓಡಿಬಂದಿದ್ದ. "ಅಲ್ಲಿ ಅರ್ಧ ಕಲಸಿದ ಹಿಟ್ಟು ಉಬ್ಬಿ ಉಬ್ಬಿ, ಇನ್ನೇನು ತಾನೇ ಎದ್ದು ನನ್ನನ್ನ ಹುಡುಕ್ಕೊಂಡು ಬರುತ್ತೆ."

"ನಿನ್ನ ಬೇರಿಂಗೇ ಅಗಲವಾಗಿದೆ," ಎಂದರು ಮುದುಕರು.

"ನಿನ್ನೆ ತಾನೇ ಪೊಟ್ಟಣ ಒಡೆದಿದ್ದು!"

"ಒಡೆದ್ರೇನು? ಈಗಿನ ಹೊಸ ಸಾಮಾನೆಲ್ಲ ಹುಟ್ಟುತ್ತಲೇ ಮುದಿ."

ಮೂಲೆಯ ಡ್ರಿಲ್ಲಿನ ಮುಂದೆ ನಿಂತಿದ್ದ ಸೊಸೆ ತಲೆ ಎತ್ತಲಿಲ್ಲ. ಆ ಶೆಡ್ಡಿನಲ್ಲಿ ತೂತು ಕೊರೆಯುವುದು, ಅರ ಹಾಕಿ ಉಜ್ಜುವುದು ಅವಳ ಪಾಲು, ಕಬ್ಬಿಣವನ್ನು ತಿರುಗಿಸಿ ಕಡೆಯುವ ಲೇತು ಮಾವನದು. ಮದುವೆಯಾಗಿ ಬಂದ ಹೊಸತರಲ್ಲಿ ದಪ್ಪ ಅಳೆಯುವ ಮೈಕ್ರೋಮೀಟರ್ ಓದುವುದನ್ನು ಅವಳಿಗೆ ಕಲಿಸಿದವರೂ ಅವರೇ. ಆದರೆ ಒಬ್ಬರು ಮಾಡಿದ ತುಂಡನ್ನು ಇನ್ನೊಬ್ಬರು ಅಳೆದು ನೋಡುವಂತಿರಲಿಲ್ಲ. ಅಳೆದರೆ, ನಿಮ್ಮ ಮಾತಿನ ಮೇಲೆ ನನಗೆ ನಂಬಿಕೆಯಿಲ್ಲ ಎಂದು ಮುಖಕ್ಕೇ ಹೇಳಿದಂತೆ. ಇತ್ತ ಸುಮ್ಮನಿದ್ದರೆ ಮೂರನೆಯದೂ ಹೀಗೇ ಆಗುತ್ತದೆ. ಬೇಕರಿಯವನ ಬಾಯಿಂದ ಹೊರಟ ಸುದ್ದಿ ಅವನ ಬ್ರೆಡ್ಡಿಗಿಂತ ಮೊದಲು ಮನೆಮನೆ ಮುಟ್ಟುತ್ತದೆ. ಆಮೇಲೆ ಮಾವನ ಲೇತಿನ ಮುಂದೆ ಯಾರೂ ಬಂದು ನಿಲ್ಲುವುದಿಲ್ಲ. ಲೇತು ನಿಂತರೆ ಮಾವ ಏನಾಗುತ್ತಾರೆಂದು ಯೋಚಿಸಲೂ ಅವಳಿಗೆ ಮನಸ್ಸು ಬರಲಿಲ್ಲ.

"ಅಣ್ಣಾ, ಸ್ವಲ್ಪ ಹೊರಗೆ ಕೂತ್ಕೊಳ್ಳಿ," ಎಂದಳು. "ನಿಮ್ಮ ಮೈಮೇಲಿನ ಹಿಟ್ಟೆಲ್ಲ ಯಂತ್ರಕ್ಕೆ ಬೀಳ್ತಿದೆ."

ಅವನು ಗೊಣಗುತ್ತ ಹೊರಗೆ ಹೋದ. ಅವಳು ಕೈ ಒರೆಸಿಕೊಂಡು, ಕೆಟ್ಟ ಪಿನ್ನನ್ನು ಮೈಕ್ರೋಮೀಟರಿನ ಬಾಯಿಗೆ ಕೊಟ್ಟಳು.

"ಅದನ್ಯಾಕೆ ಮುಟ್ತಿದ್ದೀಯ?" ಮಾವನ ದನಿ ಏರಿತು.

"ಅರ್ಧದ ಗೆರೆ ಕಾಣಿಸ್ತಿಲ್ಲ, ಮಾವ."

ಮೈಕ್ರೋಮೀಟರಿನ ಪುಟ್ಟ ಉರುಳೆ ಒಂದು ಸುತ್ತು ತಿರುಗಿದರೆ ಅರ್ಧ ಮಿಲಿಮೀಟರು. ಅದು ಯಾವ ಸುತ್ತು ಎನ್ನುವುದನ್ನು ಹಿಡಿಕೆಯ ಮೇಲಿನ ಕೂದಲಿನಂಥ ಗೆರೆ ನೋಡಿ ತಿಳಿಯಬೇಕು. ಇಲ್ಲದ ಗೆರೆ ಇದೆಯೆಂದು ಓದಿದರೋ, ಉಳಿದ ಲೆಕ್ಕವೆಲ್ಲ ಸರಿಯಾಗಿದ್ದೂ ತುಂಡು ಅರ್ಧ ಮಿಲಿಮೀಟರು ಸಣ್ಣ. ಕೊರೆದು ತೆಗೆದ ಕಬ್ಬಿಣವನ್ನು ಮತ್ತೆ ಅಂಟಿಸಲಾಗದು.

ಮಾವ ಅದನ್ನು ಕಸಿದುಕೊಂಡು ಕಿಟಕಿಗೆ ಹೋದರು. ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ಹಣೆಗೇರಿಸಿ ಮತ್ತೆ ಹತ್ತಿರ ಹಿಡಿದರು.

"ಇದೆಯಲ್ಲ ಗೆರೆ."

"ಇಲ್ಲ, ಮಾವ."

ಅವರು ಹೆಬ್ಬೆರಳಿನ ಉಗುರಿನಿಂದ ಹಿಡಿಕೆಯನ್ನು ಒಮ್ಮೆ ಕೆರೆದರು. ಗೆರೆಯೆಂದು ಕಂಡಿದ್ದ ಜಿಡ್ಡು ಉಗುರಿಗೆ ಅಂಟಿತ್ತು; ಅದನ್ನೇ ನೋಡುತ್ತ ನಿಂತರು. ಹೊರಗೆ ಬೇಕರಿಯವನು ಯಾರಿಗೋ ಫೋನಿನಲ್ಲಿ, "ಒದ್ದೆ ಬಟ್ಟೆ ಮುಚ್ಚಿಡು, ಒದ್ದೆ ಬಟ್ಟೆ!" ಎಂದು ಕೂಗಾಡುತ್ತಿದ್ದ.

"ಹೊಸ ತುಂಡು ಕೊಡು," ಎಂದರು ಮಾವ.

ಲೇತು ತಿರುಗಿತು. ಕಬ್ಬಿಣ ನೀಲಿ ಸುರುಳಿಯಾಗಿ ಕೆಳಗೆ ಬಿತ್ತು. ಅವರ ಕೈಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. ಯಂತ್ರ ನಿಲ್ಲಿಸಿ, ಪಿನ್ನಿಗೆ ಮೈಕ್ರೋಮೀಟರ್ ಕಚ್ಚಿಸಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, "ಎಷ್ಟು?" ಎಂದರು.

ಅವಳು ಓದಿದಳು. ಅವರು ಇನ್ನಷ್ಟು ಕೊರೆದರು. ಮತ್ತೆ ಓದಿದಳು.

"ಸಾಕು, ಮಾವ. ಇನ್ನು ಮುಟ್ಟಬೇಡಿ."

ಅವರು ಮುಟ್ಟಲಿಲ್ಲ. ಪಿನ್ನು ಬೇರಿಂಗಿನೊಳಗೆ ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಇಳಿದು, ಅಲ್ಲಾಡದೆ ಕೂತಿತು.

"ಹಾಗಾದ್ರೆ ಮೊದಲೆರಡು ನನ್ನ ತಾಳ್ಮೆ ನೋಡೋಕೆ ಮಾಡಿದ್ದಾ?" ಎಂದು ಒಳಗೆ ಬಂದ ಬೇಕರಿಯವನು ನಕ್ಕ. ಉತ್ತರಕ್ಕೂ ಕಾಯದೆ ಪಿನ್ನು, ಬೇರಿಂಗು ಎತ್ತಿಕೊಂಡು ಓಡಿದ.

ಸೊಸೆಗೆ ಈಗ ಉಸಿರು ಬಂದಂತಾಯಿತು. ಇನ್ನು ಹೀಗೇ ನಡೆಸಿಕೊಂಡು ಹೋಗಬಹುದು, ಹೊರಗಿನವರಿಗೆ ಗೊತ್ತಾಗುವ ಅಗತ್ಯವೇ ಇಲ್ಲ ಎಂದುಕೊಂಡು ಮೈಕ್ರೋಮೀಟರನ್ನು ಒರೆಸಿ ಪೆಟ್ಟಿಗೆಯಲ್ಲಿಡಲು ಹೋದಳು.

"ಇಡಬೇಡ," ಎಂದರು ಮಾವ. "ಈಚೆಗೆ ಏನೇನು ಮಾಡಿಕೊಟ್ಟೆ ನಾನು?"

"ಏನು ಮಹಾ, ಮಾವ? ದರ್ಜಿಯವರ ಮೆಷಿನ್ನಿನ ಗಾಲಿ. ಅತ್ತೆಯ ತಂಗಿ ಮನೆ ಕಿಟಕಿ ಚಿಲಕ. ಆಮೇಲೆ ಪಕ್ಕದ ಮನೆ ಜೋಕಾಲಿಯ ಪಿನ್ನು…"

"ಜೋಕಾಲಿಗೆ ಪಿನ್ನು ಕೂರಿಸಿದ್ದು ಯಾರು?"

"ಅವರೇ ಕೂರಿಸ್ಕೊಂಡ್ರಂತೆ. ಸುತ್ತಿಗೆ ಕೂಡ ಬೇಕಾಗಲಿಲ್ಲ, ಕೈಯಲ್ಲೇ ಸಲೀಸಾಗಿ ಹೋಯ್ತು ಅಂತ ನಿಮ್ಮನ್ನ ಹೊಗಳ್ತಿದ್ರು."

ಸುತ್ತಿಗೆಯ ಏಟಿಲ್ಲದೆ ಒಳಗೆ ಹೋಗಲೇಬಾರದ ಪಿನ್ನು ಅದು. ಹೇಳಿ ಮುಗಿಸುವಷ್ಟರಲ್ಲಿ ಅವಳಿಗೂ ಹೊಳೆಯಿತು. ಮಾವ ಆಗಲೇ ಬಾಗಿಲು ದಾಟಿದ್ದರು, ಚಪ್ಪಲಿಯನ್ನೂ ಮೆಟ್ಟದೆ.

ಪಕ್ಕದ ಮನೆಯ ಅಂಗಳದಲ್ಲಿ ಹುಡುಗಿ ನಿಂತುಕೊಂಡೇ ಜೀಕುತ್ತಿದ್ದಳು. ಮಾವ ಸರಪಳಿಯ ಅಡ್ಡಕ್ಕೆ ನುಗ್ಗಿ, ಎರಡೂ ಕೈಯಲ್ಲಿ ಹಿಡಿದು, ಅದರ ಜೊತೆಗೇ ಎರಡು ಹೆಜ್ಜೆ ಎಳೆದಾಡಿ ನಿಲ್ಲಿಸಿದರು.

"ಬಿಡಿ ಅಜ್ಜಾ!" ಹುಡುಗಿ ಕಾಲು ಕುಟ್ಟಿದಳು. "'ನಾನು ಮಾಡಿದ ಪಿನ್ನು, ಎಷ್ಟು ಜೋರಾಗಿ ಬೇಕಾದ್ರೂ ಜೀಕು' ಅಂತ ನೀವೇ ಹೇಳಿದ್ರಲ್ಲ?"

ಅಜ್ಜ ಬಿಡಲಿಲ್ಲ.