ಎಂಟನೇ ಕ್ಲಾಸಿನ ಕಾಲು

“ಅದು ಮೋಟರು ಕಣೋ, ಕತ್ತೆ ಅಲ್ಲ, ಒದ್ದರೆ ಓಡೋಕೆ! ಇವನ ಬುದ್ಧಿ ಮಂಡಿಯಿಂದ ಮೇಲಕ್ಕೆ ಏರಲೇ ಇಲ್ಲ ನೋಡಿ.”

ದೊಡ್ಡಪ್ಪ ಇದನ್ನು ಮೆಲ್ಲಗೆ ಹೇಳಲಿಲ್ಲ. ಸವೆದ ಪಂಪಿನ ಶಾಫ್ಟನ್ನು ಕೂಸಿನಂತೆ ಅವುಚಿಕೊಂಡು ಬಾಗಿಲಲ್ಲಿ ನಿಂತಿದ್ದ ಹಾಸ್ಟೆಲ್ ವಾರ್ಡನ್ನಿಗೂ, ಹೋದ ತಿಂಗಳಷ್ಟೇ ಅಳಿಯನಾದ ಎಂಜಿನಿಯರಿಗೂ ಕೇಳಿಸಲಿ ಅಂತಲೇ ಹೇಳಿದರು. ಹತ್ತಕ್ಕೆ ಮುಂಚೆ ವರ್ಕ್‌ಷಾಪಿನ ಮುಖ ನೋಡದ ಮನುಷ್ಯ, ಅಳಿಯನಿಗೆ ಮೆಷಿನ್ನು ತೋರಿಸುವ ಹುರುಪಿನಲ್ಲಿ ಇವತ್ತು ಎಂಟಕ್ಕೇ ಬಂದಿದ್ದರು. ಬಂದವರ ಕಣ್ಣಿಗೆ ಬಿದ್ದದ್ದು ಇದು: ತಮ್ಮನ ಮಗ, ಎಂಟನೇ ಕ್ಲಾಸಿಗೇ ಓದು ನಿಲ್ಲಿಸಿದವನು, ಚಪ್ಪಲಿ ಬಿಟ್ಟು, ಮೂಲೆಯ ಹಳೇ ಕನ್ವರ್ಟರಿನ ಪುಲ್ಲಿಯ ಮೇಲೆ ಅಂಗಾಲಿಟ್ಟು, ಗೋಡೆಯ ಕಡೆಗೆ ಬಲವಾಗಿ ಜಾಡಿಸುತ್ತಿದ್ದಾನೆ.

ಆ ಬೀದಿಗೆ ಬರುವುದು ಸಿಂಗಲ್ ಫೇಸ್ ಕರೆಂಟು. ಲೇಥು ಕೇಳುವುದು ಮೂರು ಫೇಸು. ಒಂದನ್ನು ಮೂರು ಮಾಡಿಕೊಡುವುದು ಈ ಡೊಳ್ಳುಹೊಟ್ಟೆಯ ಮೋಟರು. ಅದು ಯಾವ ಕಡೆ ತಿರುಗಿದರೆ ಮಿಕ್ಕ ಮೆಷಿನ್ನುಗಳೂ ಆ ಕಡೆಗೇ. ಅದು ತಿರುಗದಿದ್ದರೆ ಇಡೀ ವರ್ಕ್‌ಷಾಪು ಬರೀ ಗುಜರಿ ಅಂಗಡಿ.

“ಏಯ್ ಎಂಟನೇ ಕ್ಲಾಸು, ಕಾಲು ತೆಗಿ. ಇವತ್ತಿಂದ ಮೆಷಿನ್ನೆಲ್ಲಾ ನಿಮ್ಮ ಭಾವ ನೋಡ್ಕೋತಾರೆ. ನೀನು ಪೊರಕೆ ಹಿಡಿ.”

ಭಾವ ಸ್ವಿಚ್ ಒತ್ತಿದ. ಮೋಟರು ಗುಂಯ್ ಅಂತ ನರಳಿತೇ ಹೊರತು ಕೂದಲೆಳೆಯಷ್ಟೂ ಕದಲಲಿಲ್ಲ. “ಬೇರಿಂಗ್ ಹಿಡ್ಕೊಂಡಿದೆ ಮಾವ,” ಅಂದ, ಡಾಕ್ಟರು ಕಾಯಿಲೆ ಹೇಳುವ ಗತ್ತಿನಲ್ಲಿ.

“ಬೇರಿಂಗ್ ಅಲ್ಲ ಭಾವ. ಸ್ವಿಚ್ ಆಫ್ ಮಾಡಿ ಕೈಯಲ್ಲಿ ತಿರುಗಿಸಿ ನೋಡಿ, ಎಷ್ಟು ಸಲೀಸಾಗಿ ತಿರುಗುತ್ತೆ ಅಂತ. ಶುರುವಿಗೆ ತಳ್ಳು ಕೊಡೋ ಕೆಪಾಸಿಟರ್ ಸತ್ತಿದೆ.”

“ನಿನ್ನನ್ನ ಯಾರಾದ್ರೂ ಕೇಳಿದ್ರಾ?” ಅಂದರು ದೊಡ್ಡಪ್ಪ.

ಕೇಳದೆಯೇ ಹೇಳಿದ್ದ, ಮೂರು ವರ್ಷದ ಹಿಂದೆ. ಆಗಲೇ ಆ ಕೆಪಾಸಿಟರು ಬಿಚ್ಚಿ, ಕರೆಂಟು ತೋರಿಸಿ ತೆಗೆದು, ಎರಡೂ ತುದಿಗೆ ಸ್ಕ್ರೂಡ್ರೈವರ್ ಮುಟ್ಟಿಸಿ ನೋಡಿದ್ದ. ಚಟ್ ಅಂತ ಕಿಡಿ ಹಾರಬೇಕಿತ್ತು. ಅದು ಸತ್ತ ಹಲ್ಲಿಯ ಹಾಗೆ ಬಿದ್ದುಕೊಂಡಿತ್ತು. ಹೊಸದು ತರಿಸಿ ಅಂತ ಚೀಟಿ ಬರೆದುಕೊಟ್ಟರೆ ದೊಡ್ಡಪ್ಪ ಅದರ ಮೇಲೆ ಟೀ ಲೋಟ ಇಟ್ಟರು. “ಓಡ್ತಾ ಇದೆಯಲ್ಲೋ, ಇನ್ನೇನು ರೋಗ ಅದಕ್ಕೆ?” ಓಡುತ್ತಿತ್ತು, ನಿಜ. ಅಂದಿನಿಂದ ಆ ಮೋಟರಿನ ಕೆಪಾಸಿಟರು ಇವನ ಬಲಗಾಲು.

ಎರಡು ಗಂಟೆ ಸುತ್ತಿಗೆಯ ಸದ್ದಾಯಿತು. ಭಾವನ ಇಸ್ತ್ರಿ ಅಂಗಿಗೆ ಗ್ರೀಸು ಮೆತ್ತಿಕೊಂಡಿತು. ಹೊರಗೆ ಬಂದ ಬೇರಿಂಗು ನಿನ್ನೆ ಕೊಂಡದ್ದರಂತೆ ಫಳಫಳ ಹೊಳೆಯುತ್ತಿತ್ತು. ಅದನ್ನು ಮತ್ತೆ ಒಳಗೆ ಬಡಿದು ಸ್ವಿಚ್ ಒತ್ತಿದರು. ಗುಂಯ್. ಆಮೇಲೆ ಫಟ್. ಫ್ಯೂಸು ಹೋಗಿ ವಾರ್ನಿಷ್ ಸುಟ್ಟ ವಾಸನೆ ಶೆಡ್ಡಿನ ತುಂಬ ಹರಡಿತು.

“ಯಜಮಾನ್ರೇ,” ಅಂದ ವಾರ್ಡನ್, ಮೂಗು ಮುಚ್ಚಿಕೊಂಡು, “ಮೂರು ದಿನದಿಂದ ಎಂಬತ್ತು ಹುಡುಗರು ಸ್ನಾನ ಮಾಡಿಲ್ಲ. ಅವರ ಮುಂದೆ ನಿಮ್ಮ ಈ ವಾಸನೆ ಊದಿನಕಡ್ಡಿ ಇದ್ದಂಗೆ. ಓದಿದೋರು ಸುಸ್ತಾದ್ರಲ್ಲ, ಒದೆಯೋರನ್ನೇ ಕರೀರಿ ಸ್ವಾಮಿ, ನಿಮ್ಮ ದಮ್ಮಯ್ಯ.”

ಅವನು ಪೊರಕೆ ಹಿಡಿದು ಲೇಥಿನ ಪಕ್ಕದಲ್ಲೇ ನಿಂತಿದ್ದ. ಒದೆಯಲು ಅವನ ಅಭ್ಯಂತರವೇನೂ ಇರಲಿಲ್ಲ. ಬೈದದ್ದು ಯಾರ ಮುಂದೆಯೋ ಅವರ ಮುಂದೆಯೇ, ‘ಇವನು ಆಗಲೇ ಹೇಳಿದ್ದ, ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ’ ಅಂತ ಒಂದು ಮಾತು ಬಂದರೆ ಸಾಕಿತ್ತು. ಕಾದ.

ದೊಡ್ಡಪ್ಪ ಕೆಮ್ಮಿದರು. ಶೆಡ್ಡಿನ ತಗಡನ್ನು ನೋಡಿದರು. ಅಳಿಯನ ಅಂಗಿ ನೋಡಿದರು. ಕೊನೆಗೆ ತಗಡಿಗೇ ಹೇಳಿದರು: “ಸರಿ, ಒಂದ್ಸಲ ಒದ್ದುಬಿಟ್ಟು ಆಮೇಲೆ ಕಸ ಗುಡಿಸೋ.”

“ಕತ್ತೆ ಅಲ್ವಲ್ಲ ದೊಡ್ಡಪ್ಪ, ಮೋಟರು,” ಅಂದ ಅವನು. ಪೊರಕೆಯನ್ನು ಜೋಪಾನವಾಗಿ ಭಾವನ ಕೈಗಿತ್ತ. ಒಂದು ಚಪ್ಪಲಿ ಮೆಟ್ಟಿದ. ಇನ್ನೊಂದನ್ನೂ ಮೆಟ್ಟಿದ.

“ಹೋಗಲಿ ಬಿಡಿ! ಒದೆಯೋದೇನು ಬ್ರಹ್ಮವಿದ್ಯೆನಾ?” ದೊಡ್ಡಪ್ಪನ ಕೂಗು ಬೆನ್ನಿಗೆ ಬಂತು.

ಗೇಟಿನ ಹತ್ತಿರ ಒಮ್ಮೆ ಕತ್ತು ಹೊರಳಿಸಿದ. ಭಾವ ಹೊಸ ಫ್ಯೂಸ್ ತಂತಿ ಕಟ್ಟಿ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಿದ್ದ. ದೊಡ್ಡಪ್ಪ ವಾರ್ಡನ್ನಿನ ಭುಜ ಹಿಡಿದು, ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಪುಲ್ಲಿಯ ಮೇಲಿಟ್ಟು, ಬಾಗಿಲ ಕಡೆಗೆ ಎಳೆದರು. ಮೋಟರು ಗಿರ್ರೆಂದು ಹಿಡಿದುಕೊಂಡಿತು. ವಾರ್ಡನ್ ಚಪ್ಪಾಳೆ ತಟ್ಟಿದ. ಯಾರೋ ಲೇಥಿನ ಸ್ವಿಚ್ ಹಾಕಿದರು.

ಚಪ್ಪಾಳೆ ನಿಂತಿತು.

“ಲೋ ಎಂಟನೇ ಕ್ಲಾಸು! ಲೇಥು ಉಲ್ಟಾ ತಿರುಗ್ತಾ ಇದೆ ಕಣೋ! ಡ್ರಿಲ್ಲೂ ಉಲ್ಟಾ!” ಅಷ್ಟರಲ್ಲಿ ಅವನು ಬೀದಿಗೆ ಇಳಿದಿದ್ದ. “ಲೋ... ಮಗಾ... ಯಾವ ಕಡೆಗೋ ಒದೆಯೋದು? ಆ ಕಡೆಗಾ, ಈ ಕಡೆಗಾ?”

ಬೀದಿಯ ಕೊನೆಯವರೆಗೂ ಚಪ್ಪಲಿಯ ಸದ್ದು ಒಂದೇ ಸಮ ಕೇಳಿಸುತ್ತಿತ್ತು.